ಸುಂದರಿಯ ಅಜ್ಜಿ ಯಾವ ಬರಿ?

ಪ್ರೇಮನಾಥ: ನೀನು ಎಷ್ಟು ಹೇಳಿದ್ರೂ ಅಷ್ಟೇ ಸುಂದರಿ. ಈ ಮದುವೆ ನಡೆಯುದಿಲ್ಲ.

ಸುಂದರಿ: ಹಾಲ್ ಬುಕ್ ಆಗಿದೆ. ಸೀರೆ ತಂದಾಗಿದೆ. ಹುಡುಗನ ಮನೆಯವರು ಎರಡು ಸಲ ನಮ್ಮಲ್ಲಿ ಕೋರಿರೊಟ್ಟಿ ಉಂಡು ಹೋಗಿದ್ದಾರೆ. ಈಗ ಎಂತ ಬಂತು ನಿಮ್ಗೆ?

ಪ್ರೇಮನಾಥ: ನಂಗೆ ಬಂದದ್ದಲ್ಲ. ನಿನ್ನ ಅಜ್ಜಿಗೆ ಬಂದದ್ದು.

ಸುಂದರಿ: ಅವರು ತೀರಿಹೋಗಿ ನಲ್ವತ್ತು ವರ್ಷ ಆಯ್ತು. ಇನ್ನು ಅವರಿಗೆ ಎಂತ ಬರ್ಲಿಕ್ಕುಂಟು?

ವಿಮಾ ಕಚೇರಿಯಿಂದ ನಿವೃತ್ತರಾದ ಪ್ರೇಮನಾಥ ರೈಗಳು ಪುತ್ತೂರಿನ ತಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪ್ರಿಂಟರ್, ಕಾಗದಪತ್ರ ಎಲ್ಲವನ್ನೂ ಹರಡಿಕೊಂಡು ಕೂತಿದ್ದರು. ಮಗಳು ಸುಪ್ರಿತಾಳ ನಿಶ್ಚಿತಾರ್ಥದ ದಿನ ಕಡಬದ ಬೀಗರು ಹಿರಿಯರ ಬಗ್ಗೆ ವಿಚಾರಿಸಿದಾಗ, ಅಜ್ಜನಿಂದ ಆಚೆಗೆ ಒಂದು ಹೆಸರೂ ಬಾಯಿಗೆ ಬಾರದೆ ಅವರು ಎಲ್ಲರೆದುರು ತಡವರಿಸಿದ್ದರು. ಆ ನಾಚಿಕೆ ತೊಳೆದುಕೊಳ್ಳಲು ಪುತ್ತೂರು, ಸುಳ್ಯ, ಕಡಬದ ವಂಶಾಸಕ್ತರ ವಾಟ್ಸಾಪ್ ಬಳಗ ಸೇರಿದರು. ಸಿಕ್ಕಿದ ಜಾಲತಾಣವನ್ನೆಲ್ಲ ಜಾಲಾಡಿ, ತಮ್ಮದೂ ಹೆಂಡತಿಯದೂ ಸೇರಿಸಿ ವಂಶವೃಕ್ಷ ಬರೆಯತೊಡಗಿದರು.

ಪ್ರೇಮನಾಥ: ನಿನ್ನ ಬರಿ ಮುಡಿಪಣ್ಣಾಯ ಅಂತ ಇಷ್ಟು ವರ್ಷ ಹೇಳಿದ್ದು ತಪ್ಪು. ನಿನ್ನ ಅಜ್ಜಿ ದುಗ್ಗಮ್ಮ ಪಂಜದ ಕೊಡಂಗೆ ಮನೆಯವರು.

ಸುಂದರಿ: ಪಂಜವಾ? ನನ್ನ ಅಜ್ಜಿ...

ಪ್ರೇಮನಾಥ: ಮಧ್ಯೆ ಬಾಯಿ ಹಾಕ್ಬೇಡ. ದಾಖಲೆ ಮಾತಾಡ್ತಾ ಉಂಟು. ಅಜ್ಜಿ ಕೊಡಂಗೆಯವರಾದ್ರೆ ಅವರ ಬರಿ ಕೊಡಂಗಣ್ಣಾಯ. ನೀನೂ ಅದೇ, ಸುಪ್ರಿತಾಳೂ ಅದೇ. ಹುಡುಗ ಸಂಪ್ರೀತನೂ ಅದೇ. ಇನ್ನು ಮದುವೆ ಎಲ್ಲಿಂದ?

ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ. ಅವರೊಳಗೆ ಮದುವೆ ಇಲ್ಲ.

ಸುಂದರಿ: ಆಯ್ತು, ನಿಮ್ಮ ದಾಖಲೆಯೇ ಮಾತಾಡ್ಲಿ. ಯಾವುದು ಅದು?

ಪ್ರೇಮನಾಥ: ಹಳೇ ಮತದಾರರ ಪಟ್ಟಿ. ಆನ್‌ಲೈನಲ್ಲಿ ಉಂಟು. ಹೆಸರು ದುಗ್ಗಮ್ಮ, ಮನೆ ಕೊಡಂಗೆ, ಗ್ರಾಮ ಪಂಜ.

ಸುಂದರಿ: ಅದೇ ಪಟ್ಟಿಯಲ್ಲಿ ನಿಮ್ಮ ಅಜ್ಜ ಹೆಂಗಸು ಅಂತ ಇತ್ತಲ್ಲ ಮೊನ್ನೆ.

ಪ್ರೇಮನಾಥ: ಅದು ಮುದ್ರಣದೋಷ.

ಸುಂದರಿ: ನಿಮ್ಮ ಅಜ್ಜನದ್ದು ದೋಷ. ನನ್ನ ಅಜ್ಜಿಯದ್ದು ಚರಿತ್ರೆ.

ಪ್ರೇಮನಾಥ: ಸಂಶೋಧನೆಯಲ್ಲಿ ಭಾವನೆಗೆ ಜಾಗ ಇಲ್ಲ.

ಸುಂದರಿ: ಮೇಜಿನಲ್ಲಿ ಊಟಕ್ಕೂ ಜಾಗ ಇಲ್ಲ. ಇದನ್ನು ಬೇರೆ ಯಾರಿಗಾದ್ರೂ ಹೇಳಿದ್ದೀರಾ?

ಪ್ರೇಮನಾಥ: ಬೆಳಿಗ್ಗೆಯೇ ಬಳಗಕ್ಕೆ ಹಾಕಿದ್ದೇನೆ. ಸುಮಾರು ಜನ ಹೆಬ್ಬೆರಳು ಎತ್ತಿದ್ದಾರೆ. ಸಂಪ್ರೀತನ ಅಪ್ಪ ಕೈಮುಗಿದದ್ದು ಹಾಕಿದ್ದಾರೆ.

ಸುಂದರಿ: ಅದು ನಿಮ್ಮ ಸಂಶೋಧನೆಗೆ ಅಲ್ಲ. ನಿಮ್ಮ ಸಹವಾಸಕ್ಕೆ.

ಸುಂದರಿ ಕುರ್ಚಿಯ ಮೇಲಿದ್ದ ಕಾಗದಗಳನ್ನು ಎತ್ತಿ ನೆಲಕ್ಕಿಟ್ಟು ಕೂತರು. ದನಿ ತಗ್ಗಿತು.

ಸುಂದರಿ: ಸುಪ್ರಿತಾಳಿಗೆ ಗೊತ್ತುಂಟಾ?

ಪ್ರೇಮನಾಥ: ನಾನೇ ಓದ್ಲಿಕ್ಕೆ ಕೊಟ್ಟೆ. ಎಂತದೂ ಹೇಳದೆ ಸ್ಕೂಟರ್ ತೆಗೆದುಕೊಂಡು ಹೋದಳು. ಬುದ್ಧಿವಂತೆ, ಅರ್ಥ ಆಗಿರ್ಬೇಕು.

ಸುಂದರಿ: ಅವಳ ಮುಖ ನೋಡಿದ್ರಾ?

ಪ್ರೇಮನಾಥ: ನಾನು ಸ್ಕ್ರೀನ್ ನೋಡ್ತಾ ಇದ್ದೆ.

ಆಮೇಲೆ ಸುಂದರಿ ಬಹಳ ಮೆತ್ತಗೆ ಕೇಳಿದರು.

ಸುಂದರಿ: ಸಂಪ್ರೀತ್ ನಿಮ್ಮದೇ ಬರಿಯವ, ಲೆಕ್ಕದಲ್ಲಿ ನಿಮ್ಮ ಸೋದರಳಿಯನೇ ಅಂತ ಅಲ್ವಾ ನೀವು ಈ ಸಂಬಂಧಕ್ಕೆ ಕುಣಿದದ್ದು?

ಪ್ರೇಮನಾಥ: ಹೌದು. ನನ್ನ ತಾಯಿಯ ಬರಿ ಕೊಡಂಗಣ್ಣಾಯ. ಅದರಲ್ಲಿ ಎರಡು ಮಾತಿಲ್ಲ.

ಸುಂದರಿ: ಇವತ್ತಿಂದ ನಾನೂ ಕೊಡಂಗಣ್ಣಾಯ.

ಪ್ರೇಮನಾಥ: ದಾಖಲೆ ಪ್ರಕಾರ.

ಸುಂದರಿ: ಹಾಗಾದ್ರೆ ಅಣ್ಣಾ, ಮೂವತ್ತು ವರ್ಷದಿಂದ ನೀವು ನನ್ನ ಮನೆಯಲ್ಲಿ ಎಂತ ಮಾಡ್ತಾ ಇದ್ದೀರಿ?

ರೈಗಳ ಕೈ ಮೌಸಿನ ಮೇಲೆ ನಿಂತಿತು. ಪರದೆಯ ಮೇಲೆ ತಾವೇ ಎಳೆದ ಗೆರೆಗಳನ್ನು ಒಂದೊಂದಾಗಿ ಕಣ್ಣಿನಿಂದ ಸವರಿಕೊಂಡು ಬಂದರು. ಗೆರೆಗಳು ಕೊನೆಗೆ ತಮ್ಮಿಬ್ಬರ ಹೆಸರಿನ ಹತ್ತಿರವೇ ಬಂದು ನಿಂತವು.

ಪ್ರೇಮನಾಥ: ಅಣ್ಣ ಅಂತ ಕರೀಬೇಡ ಮಾರಾಯ್ತಿ. ಕಿಟಕಿ ತೆರೆದುಂಟು.

ಸುಂದರಿ: ಕಿಟಕಿಯಲ್ಲಿ ಕೇಳುದು ಪಕ್ಕದ ಮನೆಗೆ ಮಾತ್ರ. ನೀವು ಮೂರು ತಾಲೂಕಿಗೆ ಹೇಳಿದ್ದೀರಿ.

ಪ್ರೇಮನಾಥ: ಈಗಲೇ ಅಳಿಸ್ತೇನೆ.

ಸುಂದರಿ: ಅಳಿಸಿ. ಸಂದೇಶ ಅಳಿಸಲಾಗಿದೆ ಅಂತ ಬರ್ತದೆ. ಆಗ ಓದದೆ ಇದ್ದವರೂ ಓದಿದವರ ಹತ್ರ ಕೇಳಿ ತಿಳ್ಕೊಳ್ತಾರೆ.

ಪ್ರೇಮನಾಥ: ಮತ್ತೆ ಎಂತ ಮಾಡುದು?

ಸುಂದರಿ: ಸಿಟ್ಟು ಮಾಡಿ ತವರಿಗೆ ಹೋಗುವ ಅಂದ್ರೆ, ಇದೇ ನನ್ನ ತವರು ಅಂತ ನೀವೇ ಬರೆದು ಹಾಕಿದ್ದೀರಿ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಳಗದ ಮುಖ್ಯಸ್ಥ, ಪಂಜದ ಕುಕ್ಕಪ್ಪ ಗೌಡರು. ರೈಗಳು ಎತ್ತುವ ಮೊದಲೇ ಸುಂದರಿ ಸ್ಪೀಕರಿಗೆ ಹಾಕಿದರು.

ಕುಕ್ಕಪ್ಪ: ರೈಗಳೇ, ನಿಮ್ಮ ವಂಶವೃಕ್ಷ ನೋಡಿದೆ. ಭಾರೀ ಕೆಲಸ ಮಾಡಿದ್ದೀರಿ. ಅದ್ರಲ್ಲಿ ಕೊಡಂಗೆ ದುಗ್ಗಮ್ಮ ಅಂತ ಒಬ್ಬರು ಇದ್ದಾರಲ್ಲ, ಅವರು ನನ್ನ ಅಜ್ಜಿ.

ಪ್ರೇಮನಾಥ: ನಿಮ್ಮ ಅಜ್ಜಿಯಾ?

ಕುಕ್ಕಪ್ಪ: ಹೌದು ಮಾರಾಯ್ರೆ. ಕೊಡಂಗೆ ನಮ್ಮ ಮನೆ. ನಾವು ಗೌಡ್ರು. ಅಜ್ಜಿ ಸತ್ತ ಮೇಲೆ ನಿಮ್ಮ ಜಾತಿಗೆ ಸೇರಿ ಬಂಟರಾದದ್ದು ನಮಗೆ ಇವತ್ತೇ ಗೊತ್ತಾದ್ದು. ನಿಮ್ಗೆ ಬೇಕಾದ್ರೆ ಇಟ್ಕೊಳ್ಳಿ. ಆದ್ರೆ ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವಾಗ ಕೋಳಿ ನೀವೇ ತರ್ಬೇಕು.

ಪ್ರೇಮನಾಥ: ಹಾಗಾದ್ರೆ ನಮ್ಮ ಸುಂದರಿಯ ಅಜ್ಜಿ ಯಾರು?

ಕುಕ್ಕಪ್ಪ: ಅವರ ಹತ್ರವೇ ಕೇಳ್ಬಹುದಲ್ಲ. ಮನೆಯಲ್ಲಿ ಇಲ್ವಾ?

ಸುಂದರಿ: ಇದ್ದೇನೆ ಕುಕ್ಕಪ್ಪಣ್ಣ. ಆನ್‌ಲೈನಲ್ಲಿ ಇಲ್ಲ. ಹಾಗಾಗಿ ಕೇಳ್ಲಿಲ್ಲ.

ಆ ಕಡೆಯಿಂದ ನಗು ಕೇಳಿಸಿ ಫೋನು ಕಟ್ಟಾಯಿತು.

ಪ್ರೇಮನಾಥ: ನಿನ್ನ ಮನೆ ಪಂಜ ಅಲ್ವಾ?

ಸುಂದರಿ: ಅದು ಅಪ್ಪನ ಮನೆ. ನನ್ನ ಅಜ್ಜಿಯೂ ದುಗ್ಗಮ್ಮನೇ. ಆದ್ರೆ ಅವರು ಅಮ್ಮನ ಅಮ್ಮ, ಹುಟ್ಟಿ ಬೆಳೆದು ಓಟು ಹಾಕಿದ್ದೆಲ್ಲ ಆಲೆಟ್ಟಿಯಲ್ಲಿ. ಮುಡಿಪಣ್ಣಾಯ ಬರಿ.

ಪ್ರೇಮನಾಥ: ಅದನ್ನು ಆಗಲೇ ಹೇಳ್ಬಾರ್ದಿತ್ತಾ?

ಸುಂದರಿ: ಹೊರಟಿದ್ದೆ. ದಾಖಲೆ ಮಾತಾಡ್ತಾ ಇತ್ತು.

ರೈಗಳು ಲ್ಯಾಪ್‌ಟಾಪ್ ಮುಚ್ಚಿದರು. ತಪ್ಪಾಯಿತೆಂದು ಬಳಗಕ್ಕೆ ಬರೆದು ಹಾಕಿದರು, ಸಂಪ್ರೀತನ ಅಪ್ಪನಿಗೆ ಫೋನು ಮಾಡಿ ಮತ್ತೂ ಒಮ್ಮೆ ತಪ್ಪಾಯಿತೆಂದರು. ಮೇಜು ಖಾಲಿಯಾಗಿ ಅನ್ನ ಬಂದು ಕೂರುವ ಹೊತ್ತಿಗೆ ಅಂಗಳದಲ್ಲಿ ಸ್ಕೂಟರ್ ನಿಂತಿತು. ಸುಪ್ರಿತಾ ಇಳಿದಳು. ಹಿಂದಿನಿಂದ ಸಂಪ್ರೀತನೂ ಇಳಿದ. ರೈಗಳು ಎದ್ದು ಬಾಗಿಲಿಗೇ ಬಂದರು.

ಪ್ರೇಮನಾಥ: ಬನ್ನಿ, ಬನ್ನಿ. ಎಲ್ಲ ಸರಿ ಆಯ್ತು ಮಗಾ. ಆ ಅಜ್ಜಿ ನಮ್ಮವರಲ್ಲ. ಮದುವೆಗೆ ಎಂತ ಅಡ್ಡಿಯೂ ಇಲ್ಲ.

ಸುಪ್ರಿತಾ: ಒಳ್ಳೇದಾಯ್ತು. ನಾವು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮದುವೆಗೆ ನೋಟಿಸ್ ಕೊಟ್ಟು ಬಂದೆವು.

ಪ್ರೇಮನಾಥ: ನಂಗೆ ಒಂದು ಮಾತು ಹೇಳದೆಯಾ? ಹಾಲ್ ಬುಕ್ ಮಾಡಿದ ಮದುವೆ?

ಸುಪ್ರಿತಾ: ಅದೂ ಆಗ್ಲಿ. ಅಷ್ಟರೊಳಗೆ ನಿಮ್ಗೆ ಇನ್ನೊಂದು ಅಜ್ಜಿ ಸಿಕ್ಕಿದ್ರೆ ಕಷ್ಟ ಅಂತ ಇದನ್ನೂ ಮಾಡಿಟ್ಟೆವು.

ಕೊನೆಗೆ ರೈಗಳೊಳಗಿನ ಸಂಶೋಧಕನ ಕುತೂಹಲವೇ ಗೆದ್ದಿತು.

ಪ್ರೇಮನಾಥ: ಅಲ್ಲಿ ಯಾರೂ ಬರಿ ಕೇಳ್ಲಿಲ್ವಾ?

ಸುಪ್ರಿತಾ: ಇಲ್ಲ ಅಪ್ಪ. ಬರೀ ಆಧಾರ್ ಕೇಳಿದ್ರು.