ಹೆಣ್ಣುಗಳ ಬಕೆಟ್ಟು

ಬೆಳಗ್ಗೆ ಹೆಂಡತಿ ಬಾಯಿ ಮುಕ್ಕಳಿಸಲು ಎತ್ತಿಕೊಂಡ ಲೋಟದೊಳಗಿಂದ ಪುಟ್ಟ ಪುಟ್ಟ ಕಣ್ಣುಗಳು ಅವಳನ್ನೇ ನೋಡಿದವು.

ಅವಳು ಕಿರುಚಿದ್ದು ಕೇಳಿ ಕನ್ನಡಕದವನು ಓಡಿಬಂದ. ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದುದರಿಂದ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಹಾಗೆಯೇ.

"ಹುಷಾರು, ಚೆಲ್ಲಬೇಡ! ನಿನ್ನೆ ಹುಟ್ಟಿದ ಮರಿಗಳು. ದೊಡ್ಡ ಮೀನು ತಿಂದುಬಿಡ್ತವೆ ಅಂತ ಇದರಲ್ಲಿಟ್ಟಿದ್ದೆ."

"ನನ್ನ ಲೋಟದಲ್ಲಾ?"

"ಬೇರೆ ಯಾವುದೂ ಖಾಲಿ ಇರ್ಲಿಲ್ಲ ಕಣೇ."

ಅದು ನಿಜವೇ. ಒಂದು ಜೋಡಿ ಗಪ್ಪಿ ಮೀನು ತಂದು ಗಾಜಿನ ತೊಟ್ಟಿಗೆ ಬಿಟ್ಟದ್ದಷ್ಟೇ ಅವನ ತಪ್ಪು, ಮುಂದಿನದೆಲ್ಲ ಅವುಗಳದ್ದು. ಮೊಟ್ಟೆಗಿಟ್ಟೆ ಅಂತ ಕಾಲಹರಣ ಮಾಡದೆ ನೇರವಾಗಿ ಮರಿಯನ್ನೇ ಹಾಕುವ ಜಾತಿ. ಈಗ ತೊಟ್ಟಿ ಸಂಜೆಯ ಬಸ್ಸಿನಂತಾಗಿತ್ತು. ಹತ್ತುವವರೇ ಹೊರತು ಇಳಿಯುವವರಿಲ್ಲ.

"ಕೇಳಿಸ್ಕೊಳ್ಳಿ," ಎಂದಳು ಹೆಂಡತಿ. "ಸಂಜೆ ಅಮ್ಮ ಬರ್ತಾಳೆ. ತೊಟ್ಟಿ ಇರೋ ಕೋಣೇಲೇ ಮಲಗ್ತಾಳೆ. ಅವಳಿರೋ ಎರಡು ದಿನದಲ್ಲಿ ಒಂದೇ ಒಂದು ಮರಿ ಹುಟ್ಟಲಿ, ತೊಟ್ಟಿ ಬೀದಿಗೆ ಹೋಗುತ್ತೆ. ನೀವೂ ಅದರ ಹಿಂದೇನೇ ಹೋಗಬಹುದು."

ಕನ್ನಡಕದವನು ತೊಟ್ಟಿಗೆ ಅಡ್ಡ ನಿಂತ. ಹಗಲೆಲ್ಲ "ಕೆಳಗಿನ ಸಾಲು ಓದಿ, ಅದಕ್ಕೂ ಕೆಳಗಿನದು ಓದಿ" ಎಂದು ಕೂಗಿ ಬಂದವನಿಗೆ, ಏನನ್ನೂ ಕೇಳದ, ಏನನ್ನೂ ಹೇಳದ ಆ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದೇ ದಿನದ ಸುಖ.

ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ತರು ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡು ಬಂದಿದ್ದರು.

"ಸುಲಭ, ಕನ್ನಡಕದವರೇ. ಬೋಗಿ ಬೇರೆ ಮಾಡಿ. ಹೆಂಗಸರದ್ದು ಒಂದು, ಗಂಡಸರದ್ದು ಒಂದು. ಆಮೇಲೆ ಹೆಂಗಸರ ಬೋಗಿ ಕಳಚಿ ಕಳಿಸಿಬಿಡಿ. ಮರಿ ಎಲ್ಲಿಂದ ಬರುತ್ತೆ, ನೋಡೇಬಿಡೋಣ."

ಮಾತು ಸರಿಯೆನಿಸಿತು. ಕನ್ನಡಕದವನು ಬಲೆ ಹಿಡಿದು ಗಂಡುಗಳನ್ನು ಒಂದು ಬಕೆಟ್ಟಿಗೆ, ಹೆಣ್ಣುಗಳನ್ನು ಇನ್ನೊಂದಕ್ಕೆ ಹಾಕಿ ಮುಚ್ಚಳವಿಟ್ಟ. ಬಣ್ಣದ ಮೀನಿನ ಅಂಗಡಿಯವನು ಮಧ್ಯಾಹ್ನ ಬಂದು ಹೆಣ್ಣುಗಳನ್ನೂ ಲೋಟದ ಮರಿಗಳನ್ನೂ ಒಯ್ಯುವುದೆಂದು ಫೋನಿನಲ್ಲಿ ಮಾತಾಯಿತು. ಹೆಂಡತಿ ತಾಯಿಯನ್ನು ಕರೆತರಲು ಹೊರಟಳು. ಇವನಿಗೆ ಕೆಲಸಕ್ಕೆ ತಡವಾಗಿತ್ತು. ಬೀಗದ ಕೈ ಮಾಸ್ತರ ಕೈಗೆ ಹೋಯಿತು.

"ಹೆಣ್ಣುಗಳ ಬಕೆಟ್ಟು ಕೊಟ್ಟುಬಿಡಿ ಸಾರ್. ಮುಚ್ಚಳ ತೆಗೆದು ನೋಡಿದ್ರೆ ಗೊತ್ತಾಗುತ್ತೆ."

"ಗೊತ್ತಾಗದೇ ಏನ್ರೀ! ಹೆಂಗಸರ ಬೋಗಿಗೆ ನುಗ್ಗಿದ ಗಂಡಸರನ್ನ ಇಳಿಸಿ ಇಳಿಸಿಯೇ ಸರ್ವೀಸ್ ಮುಗಿಸಿದವನು ನಾನು."

ಮಧ್ಯಾಹ್ನ ಕನ್ನಡಕದವನು ಒಬ್ಬ ಅಜ್ಜಿಗೆ ಹೊಸ ಕನ್ನಡಕ ತೊಡಿಸುತ್ತಿದ್ದಾಗ ಮಾಸ್ತರ ಫೋನು ಬಂತು.

"ಕೆಲಸ ಆಯ್ತು! ಹೆಂಗಸರೆಲ್ಲ ಹೊರಟ್ರು. ಏನು ಅಲಂಕಾರ ರೀ ಅವುಗಳದ್ದು! ಕೆಂಪು, ನೀಲಿ, ಕಿತ್ತಳೆ... ಬಾಲ ಬೀಸ್ಕೊಂಡು ಒಂದರ ಮುಂದೊಂದು ಮೆರೀತಿದ್ವು."

ಕನ್ನಡಕದವನು ಅಜ್ಜಿಯ ಕನ್ನಡಕವನ್ನು ತನ್ನ ಮೂಗಿಗೇ ಏರಿಸಿಕೊಂಡ. ಅಂಗಡಿಯೆಲ್ಲ ಮಸುಕು ಮಸುಕಾಯಿತು.

"ಸಾರ್! ಬಣ್ಣ ಇರೋದು ಗಂಡಿಗೆ!"

"ಹಾಗಾದ್ರೆ ಉಳಿದಿರೋವು? ಬಣ್ಣಗೆಟ್ಟು, ಹೊಟ್ಟೆ ಮುಂದೆ ಬಿಟ್ಕೊಂಡು, ಕೆಲಸವಿಲ್ಲದೆ ಮೂಲೇಲಿ ನಿಂತಿರೋವು?"

"ಅವೇ ಹೆಣ್ಣು!"

"ಕನ್ನಡಕದವರೇ, ನಮ್ಮ ಬೀದೀಲಿ ಯಾವ ಮನೇಲಾದ್ರೂ ಹಾಗಿದೆಯಾ? ನೀವೇ ಹೇಳಿ."

"ನನ್ನ ಕನ್ನಡಕ ಕೊಡಪ್ಪಾ," ಎಂದು ಅಜ್ಜಿ ಕೈ ಚಾಚಿ ತಡಕಾಡುತ್ತಿದ್ದಳು. ಕೊಟ್ಟವನೇ ಹಲ್ಲುನೋವೆಂದು ಯಜಮಾನರಿಗೆ ಹೇಳಿ, ಹೊಟ್ಟೆ ಹಿಡಿದುಕೊಂಡು ಮೀನಿನ ಅಂಗಡಿಗೆ ಓಡಿದ.

ಮೀನಿನ ಅಂಗಡಿಯವನು ನಕ್ಕ. "ನಾನೂ ಅಂದ್ಕೊಂಡೆ, ಹೆಣ್ಣು ಕೊಡ್ತೀನಿ ಅಂದವರು ಗಂಡು ಕೊಡ್ತಿದ್ದಾರಲ್ಲ, ಏನು ದೊಡ್ಡ ಮನಸ್ಸು ಅಂತ."

"ಒಂದು ಮಾತು ಕೇಳೋದಲ್ವಾ?"

"ಕೇಳ್ದೆ ಸಾರ್. ನಿನಗಿಂತ ನನಗೆ ಚೆನ್ನಾಗಿ ಗೊತ್ತು, ಹೊರಡು ಅಂತ ನಿಮ್ಮ ಮಾಸ್ತರು ಗದರಿಸಿಬಿಟ್ರು. ಈಗ ದೊಡ್ಡ ತೊಟ್ಟಿಗೆ ಬಿಟ್ಟಾಗಿದೆ. ನಿಮ್ಮವು ಯಾವುವು ತೋರಿಸಿ, ಹಿಡ್ಕೊಡ್ತೀನಿ."

ಕನ್ನಡಕದವನು ಗಾಜಿಗೆ ಮೂಗು ಒತ್ತಿ ನೋಡಿದ. ಒಳಗೆ ಬಣ್ಣದ ಬಾಲಗಳ ಜಾತ್ರೆ. ಕಿತ್ತಳೆ ಬಾಲದ್ದೊಂದು ಅವನತ್ತಲೇ ಈಜಿ ಬಂತು. "ಇದು! ನನ್ನನ್ನ ಗುರುತು ಹಿಡೀತು!" ಎಂದು ಕೂಗುವಷ್ಟರಲ್ಲಿ ತೊಟ್ಟಿಯ ಮೀನುಗಳೆಲ್ಲ ಅವನ ಮೂಗಿನ ಬಳಿ ಸೇರಿದವು. ಅಂಗಡಿಯವನು ಆ ತುದಿಯಲ್ಲಿ ಬೆರಳಾಡಿಸಿದ. ಎಲ್ಲವೂ ಇವನಿಗೆ ಬಾಲ ತಿರುಗಿಸಿ ಅತ್ತ ಹೋದವು.

ಬರಿಗೈಯಲ್ಲಿ ಮನೆಗೆ ನಡೆಯುವಾಗ ಅವನಿಗೆ ತಟ್ಟನೆ ಹೊಳೆಯಿತು. ಗಂಡು ಉಳಿದರೇನು, ಹೆಣ್ಣು ಉಳಿದರೇನು? ಒಂದೇ ಕಡೆಯವರಾದರೆ ಸಾಕಲ್ಲ! ಮರಿ ಹುಟ್ಟುವ ಹಾಗೇ ಇಲ್ಲ. ಅಂದವೇನೋ ಹೋಯಿತು, ತೊಟ್ಟಿ ಉಳಿಯಿತು. ಹೆಣ್ಣುಗಳನ್ನು ತೊಟ್ಟಿಗೆ ಬಿಟ್ಟು, ಮರಿಗಳು ಹೋಗಿ ಖಾಲಿಯಾಗಿದ್ದ ಲೋಟಗಳನ್ನು ತೊಳೆದು ಜೋಡಿಸಿ, ಬಾಗಿಲಲ್ಲಿ ನಿಂತು ಅತ್ತೆಯನ್ನು ಬರಮಾಡಿಕೊಂಡ.

ಅತ್ತೆ ಚೀಲ ಇಳಿಸಿದವರೇ ತೊಟ್ಟಿಯ ಮುಂದೆ ಬಗ್ಗಿದರು. "ಬಣ್ಣದ ಮೀನು ಅಂದ್ರು. ಬಣ್ಣ ಎಲ್ಲಿ ಅಳಿಯಂದ್ರೇ?"

"ಬಣ್ಣ ಕಳಿಸಿಬಿಟ್ಟೆ ಅತ್ತೆ. ಇವೆಲ್ಲ ಹೆಣ್ಣು. ಒಂದೇ ಒಂದು ಗಂಡಿಲ್ಲ. ಇನ್ನು ಮರಿ ಅನ್ನೋ ಮಾತೇ ಇಲ್ಲ," ಎಂದು ಹೆಂಡತಿಗೆ ಕೇಳಿಸುವಂತೆ ಜೋರಾಗಿ ಹೇಳಿದ. ಹೆಂಡತಿಯ ಮುಖ ಬೆಳಗಿನಿಂದ ಮೊದಲ ಸಲ ಸಡಿಲವಾಯಿತು.

"ಇದು ತುಂಬು ಬಸುರಿ," ಎಂದರು ಅತ್ತೆ.

"ಛೆ ಛೆ, ತಿಂದದ್ದು ಜಾಸ್ತಿ ಅಷ್ಟೇ..."

"ನನಗೆ ಹೇಳ್ತೀರಾ? ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ತಲೆ ನರೆಸಿದವಳು ನಾನು."

ಅವರು ಮಾತು ಮುಗಿಸುವ ಮೊದಲೇ ಆ ಮೀನು ಮೈ ನಡುಗಿಸಿತು. ಕೆಳಗೊಂದು ಚುಕ್ಕೆ ಉದುರಿತು. ಚುಕ್ಕೆ ಬಿಚ್ಚಿಕೊಂಡು ಈಜತೊಡಗಿತು. ಹಿಂದೆಯೇ ಇನ್ನೊಂದು, ಮತ್ತೊಂದು.

"ಗಂಡಿಲ್ಲ ಅಂದ್ರಿ!" ಎಂದಳು ಹೆಂಡತಿ.

"ಇಲ್ಲ ಕಣೇ... ನಿಜವಾಗ್ಲೂ ಇಲ್ಲ..."

"ನನ್ನನ್ನ ನೋಡಬೇಡಿ," ಎಂದರು ಬಾಗಿಲಲ್ಲಿ ಇಣುಕಿದ ಮಾಸ್ತರು. "ಬೀಗ ನಾನೇ ಹಾಕಿದ್ದೆ. ಯಾರೂ ಒಳಗೆ ಬಂದಿಲ್ಲ."

ಕನ್ನಡಕದವನು ಮೀನಿನ ಅಂಗಡಿಯವನಿಗೆ ಫೋನು ಮಾಡಿದ. ಅವನ ನಗು ಕೋಣೆಗೆಲ್ಲ ಕೇಳಿಸಿತು. "ಗಪ್ಪಿಗೆ ಒಂದು ಸಲ ಕೂಡಿದ್ರೆ ಸಾಕು ಸಾರ್. ಆಮೇಲೆ ಗಂಡಿನ ಹಂಗಿಲ್ಲದೆ ತಿಂಗಳುಗಟ್ಟಲೆ ಮರಿ ಹಾಕ್ತಾನೇ ಇರ್ತವೆ!"

"ಬೀದಿಗೆ!" ಎಂದು ಹೆಂಡತಿ ತೊಟ್ಟಿಗೆ ಕೈ ಹಾಕಿದಳು.

"ಮುಟ್ಟಬೇಡ!" ಅತ್ತೆ ಗುಡುಗಿದರು. "ಬಾಣಂತಿ ಇರೋ ಮನೇಲಿ ಹೀಗಾ ಕೂಗಾಡೋದು? ಹೋಗು, ತೊಳೆದ ಲೋಟಗಳನ್ನೆಲ್ಲ ತಗೊಂಡು ಬಾ. ತಾಯಿ ಬೇರೆ, ಮಕ್ಕಳು ಬೇರೆ ಇರಬೇಕು. ಅಳಿಯಂದ್ರೇ, ಬಿಸಿನೀರು!"

"ಅತ್ತೆ, ಅವು ಮೀನು..."

"ಹೂಂ, ಹಾಗಾದ್ರೆ ಬೇಡ."

ಹೆಂಡತಿ ಲೋಟ ತಂದಳು. ಕನ್ನಡಕದವನಿಗೆ ಅತ್ತೆಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ತೊಟ್ಟಿ ಉಳಿಯಿತು!

"ಇನ್ನೂ ಎಷ್ಟು ಬಸುರಿಯರಿದ್ದಾರೆ?" ಎಂದರು ಅತ್ತೆ.

"ಎಲ್ಲರೂ ಅತ್ತೆ."

"ಹಾಗಾದ್ರೆ ಇದು ಎರಡು ದಿನಕ್ಕೆ ಮುಗಿಯೋ ಕೆಲಸ ಅಲ್ಲ. ಮಗಳೇ, ನನ್ನ ದೊಡ್ಡ ಪೆಟ್ಟಿಗೆ ತರಿಸು. ಇವರೆಲ್ಲರ ಕೊನೇ ಹೆರಿಗೆ ಮುಗಿಯೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ."

ಕನ್ನಡಕದವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ತೊಟ್ಟಿಯ ಮುಂದಿನ ತನ್ನ ಸ್ಟೂಲಿನ ಮೇಲೆ ಕೂತ.

"ಏನು, ಕೂತೇಬಿಟ್ರಲ್ಲ?" ಅತ್ತೆ ಅವನ ರಟ್ಟೆ ಹಿಡಿದು ಎಬ್ಬಿಸಿದರು. "ಹೆರಿಗೆ ಕೋಣೇಲಿ ಗಂಡಸರಿಗೇನು ಕೆಲಸ? ನಡೀರಿ ಆಚೆ."

ಅವನ ಮುಖದ ಮೇಲೆಯೇ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕವೂ ಬಿತ್ತು.