ಕಳಕವ್ವನ ದಿನ್ನಿ ತಗ್ಗಾದದ್ದು

ಯಾವಗಲ್ಲಿನ ಹಳ್ಳದ ದಂಡೆ ೧೯೫೮ರ ಮುಂಗಾರಿಗೆ ಮೊದಲೇ ಒಂದು ಸಭೆಯಲ್ಲಿ ಎತ್ತರದ ಪ್ರದೇಶವಾಯಿತು. ಅದೇ ಸಭೆಯಲ್ಲಿ ಕಳಕವ್ವನ ದಿನ್ನಿ ತಗ್ಗಾಯಿತು.

ಸಭೆ ಪ್ರವಾಹ ಬಯಲು ಸಹಕಾರ ಮಂಡಳಿಯದು. ಅದರಲ್ಲಿ ಸರಕಾರದ ಪರವಾಗಿ ಮಾಮಲೇದಾರ ಸಾಹೇಬರು, ಸಾರ್ವಜನಿಕರ ಪರವಾಗಿ ಹತ್ತಿ ವ್ಯಾಪಾರಿ ಅಂದಾನೆಪ್ಪನವರು. ಪ್ರವಾಹ ಬರುವ ಜಾಗದಲ್ಲಿ ಯಾವ ಕಟ್ಟಡವೂ ಇರಕೂಡದೆಂದು ಮಂಡಳಿ ನಿಯಮ ಮಾಡಿತು. ಅಂದಾನೆಪ್ಪನವರ ಗೋದಾಮು ಹಳ್ಳದ ದಂಡೆಯಲ್ಲೇ ಇತ್ತು. ಆದಕಾರಣ ಪ್ರವಾಹವೇ ಬೇರೆ ಕಡೆ ಬರಬೇಕಾಯಿತು.

ದಿನ್ನಿಯ ಮೇಲೆ ಇದ್ದದ್ದು ಒಂದೇ ಮನೆ. ಗಂಡ ತೀರಿಕೊಂಡ ಮೇಲೆ ಕಳಕವ್ವ ಎರಡು ಎಮ್ಮೆ ಕಟ್ಟಿಕೊಂಡು ಅಲ್ಲಿ ಬಾಳುತ್ತಿದ್ದಳು. ಮನೆ ಖಾಲಿ ಮಾಡೆಂದು ಹೇಳಲು ಊರ ಜಮೀನಿನ ಲೆಕ್ಕ ಬರೆಯುವ ತಲಾಠಿ ಶಿವನಪ್ಪ ಏದುಸಿರು ಬಿಡುತ್ತ ಹತ್ತಿ ಬಂದ.

"ನಮ್ಮತ್ತಿ ಕಾಲದಿಂದ ಇಲ್ಲಿ ಹನಿ ನೀರ ಬಂದಿಲ್ರಿ. ಕುಡಿಯಾಕ ಸೈತ ಕೆಳಗಿಂದ ಹೊತ್ತ ತರತೀನಿ."

"ಅದು ನಿನ್ನ ತಪ್ಪಲ್ಲವ್ವಾ," ಎಂದ ಶಿವನಪ್ಪ. "ಇನ್ನ ಮ್ಯಾಲ ಬರತೈತಿ."

ಆಷಾಢದಲ್ಲಿ ಹಳ್ಳ ಬಂತು. ಮಂಡಳಿಯ ನಿರ್ಣಯ ತಿಳಿಯದ ನೀರು ನೇರ ಗೋದಾಮಿಗೆ ನುಗ್ಗಿ ಹತ್ತಿ ಅಂಡಿಗೆಗಳನ್ನೆಲ್ಲ ಹೊತ್ತೊಯ್ದಿತು. ಊರ ಮಂದಿ ದಿನ್ನಿ ಹತ್ತಿದರು. ತಪಾಸಣೆಗೆ ಬಂದಿದ್ದ ಮಾಮಲೇದಾರರೂ ಹತ್ತಿದರು. ಒದ್ದೆ ಧೋತರ ಎತ್ತಿ ಹಿಡಿದು ಅಂದಾನೆಪ್ಪನವರೂ ಹತ್ತಿದರು. ಕಳಕವ್ವ ಇದ್ದಬದ್ದ ಜೋಳದ ಹಿಟ್ಟನ್ನೆಲ್ಲ ನಾದಿ ರೊಟ್ಟಿ ಬಡಿದಳು. ಇನ್ನಾದರೂ ಮನೆ ಉಳಿದೀತೆಂದು ಅವಳಿಗೆ ಒಳಗೊಳಗೇ ಹಿಗ್ಗು.

ಉಣ್ಣುತ್ತ ಮಾಮಲೇದಾರರು ಕೇಳಿದರು: "ಪರಿಹಾರ ಸಿಗೂದು ಪ್ರವಾಹದ ಜಾಗಾದಾಗಿನ ಮಾಲಿಗೆ ಅಷ್ಟ. ನಿಮ್ಮ ಗೋದಾಮ ಎತ್ತರದಾಗ ಇತ್ತಲ್ರಿ ಅಂದಾನೆಪ್ಪನವ್ರ?"

ಅಂದಾನೆಪ್ಪನವರು ಸುತ್ತ ನೋಡಿದರು. "ಇಲ್ರಿ ಸಾಹೇಬ್ರ. ಈ ದಿನ್ನಿ ಮ್ಯಾಲ ಇತ್ತು. ಹರದ ಹೋತು."

"ಮತ್ತ ಈ ಮನಿ?"

"ಇದು ದಂಡಿ ಮ್ಯಾಲಿಂದ್ರಿ. ತೇಲಿ ಬಂದೈತಿ."

ಬಡಿಯುತ್ತಿದ್ದ ರೊಟ್ಟಿ ಕಳಕವ್ವನ ಕೈಯಲ್ಲೇ ಹರಿಯಿತು. "ಯಪ್ಪಾ, ಮಣ್ಣಿನ ಗ್ವಾಡಿ ಹ್ಯಾಂಗ ತೇಲತಾವ್ರಿ?"

"ಅದನ್ನ ಮಂಡಳಿ ವಿಚಾರ ಮಾಡತೈತಿ," ಎಂದರು ಸಾಹೇಬರು. "ನೀ ಇನ್ನೊಂದ ರೊಟ್ಟಿ ಹಾಕವ್ವಾ."

ಕಳಕವ್ವ ಊರ ಮಂದಿಯ ಕಡೆ ನೋಡಿದಳು. ಬಾಯಲ್ಲಿ ಅವಳದೇ ರೊಟ್ಟಿ ಇದ್ದುದರಿಂದ ಯಾರೂ ಮಾತಾಡಲಿಲ್ಲ.

ಮಂಡಳಿ ವಿಚಾರ ಮಾಡಿತು. ಅಂದಾನೆಪ್ಪನವರಿಗೆ ಪರಿಹಾರವೂ ಬಂತು, ಹೊಸ ಗೋದಾಮಿಗೆಂದು ದಿನ್ನಿಯೂ ಬಂತು. ಕಳಕವ್ವನಿಗೆ ಅವಳ 'ಮೂಲ ಸ್ಥಳ'ವಾದ ಹಳ್ಳದ ದಂಡೆಯನ್ನು ಗೌರವಪೂರ್ವಕವಾಗಿ ಮರಳಿಸಲಾಯಿತು. ಎತ್ತರಕ್ಕೆ ಹೊರಟವಳೆಂದು ಕೊರಳಿಗೆ ಹಾರ ಹಾಕಿದರು. ಹಾರ ಹಾಕಿಕೊಂಡೇ ಅವಳು ಎಮ್ಮೆ ಹೊಡೆದುಕೊಂಡು ಇಳಿದಳು. ಮೊದಮೊದಲು ಎದೆ ಬಡಿದುಕೊಂಡು ಅತ್ತಳು. "ಎತ್ತರದಾಗ ಕುಂತಾಕಿಗೆ ಏನ ಕಮ್ಮಿ?" ಎಂದು ಮಂದಿ ಬೈದರು. ಬರಬರುತ್ತ ಅವಳಿಗೂ ಹೌದೆನಿಸಿತು.

ಮರುವರ್ಷ ಹಳ್ಳ ಮತ್ತೆ ಬಂತು. ಕಳಕವ್ವ ಸೊಂಟಮಟ ನೀರಿನಲ್ಲಿ ಎಮ್ಮೆಯ ಕೊರಳು ತಬ್ಬಿ ನಿಂತಿದ್ದಳು. ದಿನ್ನಿಯ ಮೇಲೆ ನಿಂತ ಚನ್ನವ್ವ, ಅವಳ ಹಳೆಯ ಗೆಳತಿ, ಕೂಗಿದಳು: "ಯಕ್ಕಾ, ಲಗೂ ಕೆಳಗ ಇಳದ ಬಾ ಬೇ!"

"ಹುಚ್ಚಿ, ಪ್ರವಾಹ ಇರೂದ ಅಲ್ಲಿ," ಎಂದಳು ಕಳಕವ್ವ. "ನೀನ ಮ್ಯಾಲ ಬಾ!"

ಚನ್ನವ್ವ ಅರಗಳಿಗೆ ಯೋಚಿಸಿದಳು. ಅದು ಖರೇ ಇತ್ತು. ಮಕ್ಕಳನ್ನು ಕಂಕುಳಿಗೇರಿಸಿಕೊಂಡು ನೀರಿನ ಕಡೆ ಹತ್ತತೊಡಗಿದಳು. ಅವಳ ಹಿಂದೆ, ತಳ್ಳಾಟವಿಲ್ಲದೆ, ಊರ ಮಂದಿಯೂ.