ಒಂದು ಶನಿವಾರ, ಸುಮ್ನೆ

ಒಬ್ಬನೇ ನಡೆದು ಹೋಗುವವನನ್ನು ನಮ್ಮ ಕಡೆಯ ಜನ ಕಾರಣ ಕೇಳದೆ ಬಿಡುವುದಿಲ್ಲ. ನನ್ನ ಬಳಿ ಕಾರಣ ಇರುವುದಿಲ್ಲ. ಹಾಗಾಗಿ ಹೊರಟಾಗಲೆಲ್ಲ ಏನಾದರೊಂದು ಆಗುತ್ತದೆ.

ಕಳೆದ ಚಳಿಗಾಲದ ಒಂದು ಶನಿವಾರ, ಸೋಮವಾರಪೇಟೆಯ ಮನೆಯಿಂದ ಶನಿವಾರಸಂತೆಗೆ ತೋಟಗಳ ಒಳದಾರಿಯಲ್ಲಿ ನಡೆದೇ ಹೋಗುವುದೆಂದು ಹೊರಟೆ. ಐದೂವರೆಯ ಕೊನೆಯ ಬಸ್ಸಿಗೆ ವಾಪಸ್ಸು. ಹೆಂಡತಿಯ ಷರತ್ತು ಒಂದೇ: "ಬಸ್ ತಪ್ಪಿದ್ರೆ ಫೋನ್ ಮಾಡಿ, ಸ್ಕೂಟರ್ ತರ್ತೀನಿ. ಆದ್ರೆ ಅವತ್ತಿಂದ ನಿಮ್ಮ ಶನಿವಾರದ ನಡಿಗೆ ಬಂದ್."

ಪಿಕಪ್

ಗೆಣಸಿನ ಮೂಟೆ ಹೇರಿಕೊಂಡು ಸಂತೆಗೆ ಹೊರಟಿದ್ದ ಪಿಕಪ್ ನಿಂತಿತು.

"ಹತ್ತಿ ಸಾರ್. ಸಂತೆಗಲ್ವಾ?"

"ಬೇಡಪ್ಪ, ನಡೀತೀನಿ. ವಾಪಸ್ ಸೋಮವಾರಪೇಟೆಗೆ ಕೊನೇ ಬಸ್ಸಿದೆ."

"ಹರಕೆನಾ?"

"ಅಲ್ಲ."

"ಶುಗರ್ರಾ?"

"ಇಲ್ಲ. ಸುಮ್ನೆ."

ಡ್ರೈವರ್ ದನಿ ತಗ್ಗಿಸಿ ಕೇಳಿದ: "ಮನೇಲಿ ಹೇಳ್ ಬಂದಿದೀರಾ?"

ರೈಟರ್

ಒಂದು ಎಸ್ಟೇಟಿನಲ್ಲಿ ಕಾಫಿ ಪಿಕಿಂಗ್ ನಡೆದಿತ್ತು. ಆಳುಗಳ ಲೆಕ್ಕ ನೋಡುವ ರೈಟರ್ ನನ್ನನ್ನು ತಡೆದ. ಅದು ಕಾಳುಮೆಣಸು ಕದಿಯುವವರ ಕಾಲ. ನನ್ನ ಬೆನ್ನ ಮೇಲೊಂದು ಚೀಲ. ಚೀಲದಲ್ಲಿ ಸಿಕ್ಕಿದ್ದು ನೀರು, ಟವೆಲ್ಲು, ಒಂದು ಪುಸ್ತಕ. ಪುಸ್ತಕವನ್ನು ಮಾತ್ರ ಹಾಳೆ ಹಾಳೆಯಾಗಿ ಕೊಡವಿ ನೋಡಿದ.

"ಬೆಳಗ್ಗೆಯಿಂದ ನಡೀತಿದೀರಾ? ಯಾವ ಕೆಲಸದ ಮೇಲೆ?"

"ಕೆಲಸ ಏನಿಲ್ಲ. ಸುಮ್ನೆ."

ಗಿಡದ ಸಂದಿಯಿಂದ ಹೆಂಗಸಿನ ದನಿ ಬಂತು: "ಸಾರ್, ಆ ಸುಮ್ನೆ ಕೆಲ್ಸಕ್ಕೆ ಇನ್ನೂ ಜನ ಬೇಕಿದ್ರೆ ನಮ್ ಲೈನ್ ಮನೆಗೆ ಹೇಳ್ಕಳ್ಸಿ!"

ಅಜ್ಜಿ

ಮಧ್ಯಾಹ್ನದ ಹೊತ್ತಿಗೆ ಮಂಡಿ ನೋವು ಮಾತಾಡತೊಡಗಿತು. ಕಣದಲ್ಲಿ ಕಾಫಿ ಹರಡುತ್ತಿದ್ದ ಅಜ್ಜಿಯೊಬ್ಬರ ಹತ್ತಿರ ನೀರು ಕೇಳಿದೆ.

"ಸರ್ವೆಯೋರಾ?"

"ಅಲ್ಲಜ್ಜಿ."

"ಕರೆಂಟ್‌ನೋರಾ?"

"ಅಲ್ಲ. ಸುಮ್ನೆ ನಡೀತಿದೀನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕೂಗಿದರು: "ಏ ಮಗಾ, ಇನ್ನೆರಡು ರೊಟ್ಟಿ ತಟ್ಟು. ಪಾಪ, ಇಕ್ಕೋರು ಯಾರೂ ಇಲ್ವೇನೋ."

ನನಗೆ ಹೆಂಡತಿ ಇದ್ದಾಳೆ, ಚೆನ್ನಾಗಿಯೇ ಇಕ್ಕುತ್ತಾಳೆ. ಹಾಗೆಂದು ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಬಿಸಿ ಅಕ್ಕಿರೊಟ್ಟಿ ಬಂತು. ಮೂರು ರೊಟ್ಟಿ ಮುಗಿಯುವವರೆಗೆ ಅನಾಥನಾಗಿಯೇ ಇದ್ದೆ.

ಬಸ್ಸು

ಆ ಮೂರನೆಯ ರೊಟ್ಟಿಯೇ ನನ್ನನ್ನು ತಡ ಮಾಡಿದ್ದು. ಶನಿವಾರಸಂತೆ ಮುಟ್ಟಿದಾಗ ಐದೂಮುಕ್ಕಾಲು. ಓಡುವುದಿರಲಿ, ಕುಂಟುವುದೂ ಸರಿಯಾಗಿ ಬರುತ್ತಿರಲಿಲ್ಲ. ಮನಸ್ಸಿನಲ್ಲೇ ಮುಂದಿನ ಶನಿವಾರಗಳಿಗೆಲ್ಲ ಕೈಮುಗಿದು, ಹೆಂಡತಿಯ ನಂಬರ್ ಒತ್ತಲು ಫೋನು ತೆಗೆದೆ. ನೋಡಿದರೆ ಬಸ್ಸು ಅಲ್ಲೇ ನಿಂತಿದೆ! ಬಾಗಿಲಲ್ಲಿ ಕಂಡಕ್ಟರ್, ಒಳಗೆ ತುಂಬಿದ ಸಂತೆಯ ಜನ, ಎಲ್ಲರ ಕಣ್ಣೂ ನನ್ನ ಮೇಲೆ.

"ಬಂದ್ರು, ಬಂದ್ರು! ಸೋಮವಾರಪೇಟೆ ತಾನೆ? ನಿಧಾನ, ನಿಧಾನ."

"ನಾನು ಬರ್ತೀನಿ ಅಂತ ಹೇಗೆ ಗೊತ್ತಾಯ್ತು?"

"ಗೆಣಸಿನ ಪಿಕಪ್ಪೋನು ಬೆಳಗ್ಗೇನೇ ಹೇಳಿದ್ದ. ರೈಟರ್ ಫೋನ್ ಮಾಡಿದ್ರು. ಅಜ್ಜಿಯಂತೂ ಮಗನ್ನೇ ಬೈಕಲ್ಲಿ ಕಳ್ಸಿದ್ರು. ಒಬ್ರು ಹಿಂಗೇ ನಡ್ಕೊಂಡು ಬರ್ತಾರೆ, ಬಿಟ್ಟು ಹೋಗ್ಬೇಡಿ ಅಂತ."

ನನಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರು ಮುಂದಿನ ಸೀಟಿನಿಂದ ಎದ್ದು ನನಗೆ ಜಾಗ ಬಿಟ್ಟರು. ಪಕ್ಕದ ಹೆಂಗಸು ಮಗುವನ್ನು ಆಚೆ ತೊಡೆಗೆ ಸರಿಸಿಕೊಂಡಳು.

"ಅಯ್ಯೋ, ನೀವು ಕೂತ್ಕೊಳ್ಳಿ," ಎಂದೆ ಹಿರಿಯರಿಗೆ. "ನಂಗೇನೂ ಆಗಿಲ್ಲ. ನಾನು ಸುಮ್ನೆ..."

ಕಂಡಕ್ಟರ್ ನನ್ನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟ.

"ಗೊತ್ತು ಸಾರ್, ಎಲ್ಲಾ ಗೊತ್ತು. ಈಗ ಸುಮ್ನೆ ಕೂತ್ಕೊಳ್ಳಿ."

ಕೂತೆ.